ಸತ್ತಿದ್ದು ಯಾರು, ಮೇಷ್ಟ್ರೇ?

ಸೋಮವಾರ ಸಂಜೆ

ಪಂಚಾಯಿತಿಯಿಂದ ಪಿಡಿಒ ಫೋನ್ ಮಾಡಿದ್ದರು. ಮುಂದಿನ ವಾರ ಸದಸ್ಯರಿಗೂ ಸಿಬ್ಬಂದಿಗೂ ಅಂಗವೈಕಲ್ಯದ ಬಗ್ಗೆ ಅರ್ಧ ದಿನದ ಅರಿವು ತರಬೇತಿ, ನೀವೇ ನಡೆಸಿಕೊಡಬೇಕು ಅಂದರು. ನನಗೆ ಆ ವಿಷಯ ಏನು ಗೊತ್ತು ಸ್ವಾಮಿ ಅಂದೆ. “ಗೊತ್ತಿರಬೇಕು ಅಂತೇನಿಲ್ಲ ಸಾರ್, ಎಲ್ಲಾ ಆನ್‌ಲೈನ್‌ನಲ್ಲೇ ಇದೆ. ನಾಕು ವಿಡಿಯೋ ಹಾಕಿ, ಮಧ್ಯೆ ಮಧ್ಯೆ ಮಾತಾಡಿದ್ರೆ ಊಟದ ಹೊತ್ತಾಗೋಗುತ್ತೆ.” ರಿಟೈರಾದ ಮೇಷ್ಟ್ರಿಗೆ ಇಂಥ ಕರೆ ಬಂದರೆ ಬೇಡ ಅನ್ನುವಷ್ಟು ಗಟ್ಟಿ ಮನಸ್ಸಿರುವುದಿಲ್ಲ. ಒಪ್ಪಿಕೊಂಡೆ.

ಜೊತೆಗೆ ನಮ್ಮ ವಿಆರ್‌ಡಬ್ಲ್ಯೂ ಇರುತ್ತಾನೆ ಎಂದರು. ವಿಆರ್‌ಡಬ್ಲ್ಯೂ ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಪಂಚಾಯಿತಿಗೊಬ್ಬರು. ಪಿಂಚಣಿ ಅರ್ಜಿ, ಯುಡಿಐಡಿ ಎಂಬ ಗುರುತಿನ ಕಾರ್ಡು, ಗಾಲಿಕುರ್ಚಿ ಬೇಕಾದವರ ಪಟ್ಟಿ, ಎಲ್ಲಾ ಅವರ ತಲೆ ಮೇಲೆ. ಸಂಬಳ ಅನ್ನುವ ಹಾಗಿಲ್ಲ, ಗೌರವಧನ. ಈ ಕೆಲಸದಲ್ಲಿರುವ ಬಹಳಷ್ಟು ಜನ ಸ್ವತಃ ಅಂಗವಿಕಲರೇ. ನಮ್ಮವನಿಗೆ ಕಣ್ಣು ಕಾಣುವುದಿಲ್ಲ. ಎಂಟರಿಂದ ಹತ್ತನೇ ತರಗತಿವರೆಗೆ ನನ್ನ ಕೈಕೆಳಗೇ ಓದಿದ ಹುಡುಗ. ಆಗ ಕಾಣುತ್ತಿತ್ತು ಅಂತ ನಾನು ಅಂದುಕೊಂಡಿದ್ದೆ. ಆ ವಿಚಾರ ಆಮೇಲೆ ಬರೆದರಾಯಿತು.

ಮಂಗಳವಾರ

ಹುಡುಕಲು ಕೂತರೆ ಮೊದಲನೇ ತೊಡಕು ಪದದ್ದೇ. ‘ಅಂಗವಿಕಲ’ ಅಂತ ಕೊಟ್ಟರೆ ಹಳೆಯ ಆದೇಶಗಳು, ಬಸ್ ಪಾಸಿನ ಸುದ್ದಿ. ‘ವಿಕಲಚೇತನ’ ಅಂದರೆ ಇಲಾಖೆ, ಯೋಜನೆ, ಅರ್ಜಿ ನಮೂನೆ. ‘ವಿಶೇಷಚೇತನ’ ಅಂದರೆ ಶಾಲು ಹೊದಿಸುತ್ತಿರುವ ಫೋಟೋಗಳು. ‘ದಿವ್ಯಾಂಗ’ ಅಂದರೆ ದೆಹಲಿ. ಆ ಪದವನ್ನು ಪ್ರಧಾನಿ 2015ರ ಡಿಸೆಂಬರ್‌ನ ಮನ್ ಕೀ ಬಾತ್‌ನಲ್ಲಿ ಎತ್ತಿಕೊಂಡ ಮೇಲೆ ಅಲ್ಲಿನ ಕಾಗದಗಳಲ್ಲೆಲ್ಲ ಅದೇ. ಮನುಷ್ಯ ಒಬ್ಬನೇ, ಪದ ನಾಲ್ಕು. ಒಂದು ಪದ ಹಿಡಿದು ಹೋದವನಿಗೆ ಇನ್ನೊಂದರ ಹಿಂದೆ ಏನಿದೆ ಎಂಬ ಸುಳಿವೂ ಸಿಗುವುದಿಲ್ಲ.

ಮಧ್ಯಾಹ್ನ ನಮ್ಮ ವಿಆರ್‌ಡಬ್ಲ್ಯೂ ಮನೆಗೆ ಬಂದಿದ್ದ. ಕೇಳಿದೆ, ನಿನಗೆ ಯಾವುದು ಸರಿ ಅಂತ. “ಅಂಗವಿಕಲ ಅಂದಾಗ ಊನ ಬರೀ ಅಂಗಕ್ಕಿತ್ತು ಮೇಷ್ಟ್ರೇ. ವಿಕಲಚೇತನ ಅಂದ್ಮೇಲೆ ಚೇತನಕ್ಕೇ ಬಂತಲ್ಲ. ಇದು ಬಡ್ತೀನೋ ಹಿಂಬಡ್ತೀನೋ ನೀವೇ ಹೇಳಿ.” ಸಮಾಜ ವಿಜ್ಞಾನದ ಮೇಷ್ಟ್ರು ನಾನು, ಸಮಾಸ ಬಿಡಿಸಿ ತೀರ್ಪು ಕೊಡುವ ಅಧಿಕಾರ ನನಗಿಲ್ಲ ಅಂದೆ. “ಫೈಲಲ್ಲಿ ಏನ್ ಬೇಕಾದ್ರೂ ಬರ್ಕೊಳ್ಳಲಿ ಬಿಡಿ, ಪಿಂಚಣಿ ಟೈಮಿಗೆ ಬಂದ್ರೆ ಸಾಕು” ಎಂದು ಕಾಫಿ ಲೋಟಕ್ಕೆ ಕೈ ಚಾಚಿದ. ಲೋಟ ಎಲ್ಲಿದೆ ಅಂತ ನಾನು ಹೇಳಿರಲಿಲ್ಲ. ಇಟ್ಟ ಸದ್ದು ಕೇಳಿಸಿತ್ತಂತೆ.

ಅದೇ ದಿನ, ರಾತ್ರಿ

ಒಂದು ಉಚಿತ ಕೋರ್ಸು ಸಿಕ್ಕಿತು. ಎರಡು ಗಂಟೆ, ಕೊನೆಗೆ ಪ್ರಮಾಣಪತ್ರ. ಎಲ್ಲರನ್ನೂ ಒಳಗೊಳ್ಳುವುದು ಹೇಗೆ ಅನ್ನುವುದೇ ವಿಷಯ. ಹೆಸರು ನೋಂದಾಯಿಸಬೇಕು. ಹೆಸರು, ಊರು, ಮೊಬೈಲ್ ಎಲ್ಲಾ ಆದ ಮೇಲೆ ಕಟ್ಟಕಡೆಗೆ ಒಂದು ಪೆಟ್ಟಿಗೆ. ಅದರಲ್ಲಿ ಆರು ಇಂಗ್ಲಿಷ್ ಅಕ್ಷರಗಳು, ಹೆಂಡ ಕುಡಿಸಿ ಸಾಲಾಗಿ ನಿಲ್ಲಿಸಿದ ಹಾಗೆ. ಅದನ್ನು ನೋಡಿ ಬರೆದರೆ ಮಾತ್ರ ಪ್ರವೇಶ. ಕೇಳಿಸಿಕೊಂಡು ಬರೆಯುವ ಏರ್ಪಾಡು ಅದರಲ್ಲಿ ಇರಲಿಲ್ಲ.

ಅವನಿಗೆ ಫೋನ್ ಮಾಡಿ ಹೇಳಿದೆ. ನಕ್ಕ. “ನನ್ನ ಫೋನು ಅದನ್ನ ಬರೀ ‘ಚಿತ್ರ’ ಅಂತ ಓದುತ್ತೆ. ನಾನು ಮನುಷ್ಯ ಅಂತ ಕಂಪ್ಯೂಟರಿಗೆ ಸಾಬೀತು ಮಾಡಕ್ಕೆ ಪ್ರತಿ ಸಲ ತಂಗಿ ಮಗನ್ನ ಕರೀಬೇಕು. ಏಳನೇ ಕ್ಲಾಸು. ಈಗೀಗ ಐದು ರೂಪಾಯಿ ಕೇಳ್ತಾನೆ.”

ಆ ಕೋರ್ಸು ಯಾರದ್ದು ಅಂತ ಬರೆದಿಡುವುದಿಲ್ಲ. ಒಬ್ಬರ ಹೆಸರು ಬರೆದು ಉಳಿದವರನ್ನು ಬಿಟ್ಟರೆ ತಪ್ಪಾಗುತ್ತದೆ.

ಬುಧವಾರ

ಪಿಟೀಲು.

ಅಂಧರ ಬದುಕಿನ ಬಗ್ಗೆ ಮೂರು ನಿಮಿಷದ ವಿಡಿಯೋ ಒಂದನ್ನು ಬಹಳ ಜನ ಮೆಚ್ಚಿದ್ದರು. ನನಗೂ ಹಿಡಿಸಿತು. ಬಿಳಿ ಕೋಲು ಹಿಡಿದ ಹುಡುಗಿ, ಮಳೆ ಬಂದ ರಸ್ತೆ, ಪರದೆಯ ಮೇಲೆ ಒಂದೊಂದೇ ವಾಕ್ಯ ಮೂಡಿ ಮಾಯವಾಗುತ್ತದೆ, ಹಿಂದೆ ಪಿಟೀಲು. ತರಬೇತಿಗೆ ಇದೇ ಸರಿ ಅಂದುಕೊಂಡು ಅವನಿಗೆ ಕಳಿಸಿದೆ. ಸಂಜೆ ಬಂದ. ನನ್ನೆದುರೇ ಇನ್ನೊಂದು ಸಲ ಹಾಕಿದ. ಅವನ ಫೋನಿನ ಪರದೆ ಕಪ್ಪಗೇ ಇರುತ್ತದೆ. ಆಫ್ ಆಗಿದೆಯೇನೋ ಅಂದುಕೊಂಡಿದ್ದೆ. ಬೆಳಕು ತನಗೆ ಬೇಕಿಲ್ಲ, ಬ್ಯಾಟರಿ ಉಳಿಯುತ್ತದೆ, ಬಸ್ಸಿನಲ್ಲಿ ಪಕ್ಕದವರು ಮೆಸೇಜು ಇಣುಕುವುದೂ ತಪ್ಪುತ್ತದೆ ಅಂತ ವಿವರಿಸಿದ. ಕಪ್ಪು ಪರದೆಯಿಂದ ಮೂರು ನಿಮಿಷ ಪಿಟೀಲು ಬಂತು. ಒಂದೇ ಒಂದು ಮಾತಿಲ್ಲ. ಮುಗಿದ ಮೇಲೆ ಅವನು ಬಹಳ ಗಂಭೀರವಾಗಿ ಕೇಳಿದ:

“ಸತ್ತಿದ್ದು ಯಾರು, ಮೇಷ್ಟ್ರೇ?”

ನಗು ತಡೆಯಲಾಗಲಿಲ್ಲ. ಆಮೇಲೆ ಕೂತು ಯೋಚಿಸಿದೆ. ಈ ವಿಡಿಯೋ ಮಾಡಿದವರು ಕೆಟ್ಟವರಲ್ಲ. ಹುಡುಗಿಯನ್ನು ಮಾತಾಡಿಸಿದ್ದಾರೆ, ಅವಳ ಜೊತೆ ನಡೆದಿದ್ದಾರೆ, ಛಾಯಾಗ್ರಹಣಕ್ಕೆ ಎಷ್ಟು ಕಷ್ಟಪಟ್ಟಿದ್ದಾರೋ. ಅವಳು ಇದನ್ನು ನೋಡಬಹುದು ಅನ್ನುವುದು ಮಾತ್ರ ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆದಿಲ್ಲ. ಅವಳು ಪಾಠದೊಳಗಿನ ಚಿತ್ರ. ಪಾಠ ಕೇಳುವ ಬೆಂಚಿನ ಮೇಲೆ ಅವಳಿಗೆ ಜಾಗ ಹಾಕಿಲ್ಲ. ನಾನೂ ಅದನ್ನು ಕಳಿಸುವಾಗ ಯೋಚಿಸಲಿಲ್ಲವಲ್ಲ, ಅದೂ ಅವನಿಗೇ!

ಗುರುವಾರ

ಕನ್ನಡದಲ್ಲಿ ಒಂದು ಕೈಪಿಡಿ ಸಿಕ್ಕಿತು, ಪಿಡಿಎಫ್. ವಿಷಯ ಬಹಳ ಚೆನ್ನಾಗಿದೆ. ಖುಷಿಯಿಂದ ಕಳಿಸಿದೆ. ಹತ್ತೇ ನಿಮಿಷಕ್ಕೆ ಫೋನು. “ಮೇಷ್ಟ್ರೇ, ಇದು ಇಂಗ್ಲೆಂಡಿನ ಬಜೆಟ್ಟಾ? ಸಾಲಿಗೆ ನಾಕು ಸಲ ಪೌಂಡ್ ಪೌಂಡ್ ಅಂತಿದೆ.”

ಇದು ಅರ್ಥವಾಗಲು ಅರ್ಧ ದಿನ ಹಿಡಿಯಿತು. ಯೂನಿಕೋಡ್ ಬಳಕೆಗೆ ಬರುವ ಮೊದಲು ನಮ್ಮ ಕಚೇರಿಗಳಲ್ಲೂ ಡಿಟಿಪಿ ಅಂಗಡಿಗಳಲ್ಲೂ ಬಳಸುತ್ತಿದ್ದ ಕನ್ನಡ ಫಾಂಟುಗಳು ಒಂದು ಬಗೆಯ ವೇಷ. ಕಂಪ್ಯೂಟರಿನ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ, ಯುರೋಪಿನ ಚಿಹ್ನೆ. ಫಾಂಟು ಅವುಗಳ ಮುಖಕ್ಕೆ ಕನ್ನಡದ ಬಣ್ಣ ಬಳಿದು ತೋರಿಸುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ‘ಕ’ ಬರೆದರೆ ಒಳಗಿರುವುದು ಇಂಗ್ಲಿಷಿನ ಪಿ ಮತ್ತು ತಲೆ ಮೇಲೆ ಗೆರೆಯಿರುವ ಒಂದು ಎ. ‘ನ’ ಬರೆದರೆ ಒಳಗಿರುವುದು ಬ್ರಿಟಿಷರ ಪೌಂಡ್ ಚಿಹ್ನೆ. ಕಣ್ಣಿಗೆ ವೇಷ ಕಾಣುತ್ತದೆ, ಓದಿ ಹೇಳುವ ತಂತ್ರಾಂಶಕ್ಕೆ ವೇಷದ ಹಿಂದಿನ ಮುಖವೇ ಕಾಣುವುದು. ಹಾಗಾಗಿ ‘ಕನ್ನಡ’ ಅನ್ನುವ ಪದದ ಹೊಟ್ಟೆಯೊಳಗೇ ಒಂದು ಪೌಂಡು. ಕರ್ನಾಟಕದಲ್ಲೂ ಒಂದು. ನಮ್ಮ ನಾಡು ನುಡಿ ಎರಡನ್ನೂ ಅವನ ಫೋನು ವಿದೇಶಿ ವಿನಿಮಯದಲ್ಲಿ ಲೆಕ್ಕ ಹಾಕುತ್ತಿತ್ತು.

ಯೂನಿಕೋಡಿನಲ್ಲಿ ಇಂಥ ವೇಷವಿಲ್ಲ, ‘ನ’ ಅಂದರೆ ‘ನ’. ಅದು ಬಂದು ಎಷ್ಟೋ ವರ್ಷವಾಯಿತು, ನುಡಿಯೂ ಯೂನಿಕೋಡಿಗೆ ಬದಲಾಯಿತು. ಆದರೆ ಹಳೆಯ ಕಡತ ಹಾಗೇ ಇದೆ, ಹಳೆಯ ರೂಢಿಯೂ ಹಾಗೇ ಇದೆ.

ಇದಕ್ಕಿಂತ ಕಷ್ಟದ್ದು ಸ್ಕ್ಯಾನ್ ಮಾಡಿ ಹಾಕಿದ ಸುತ್ತೋಲೆ. ಅದರಲ್ಲಿ ಪೌಂಡೂ ಇಲ್ಲ. ಪುಟ ಒಂದು, ಪುಟ ಎರಡು, ಪುಟ ಮೂರು. ಅಷ್ಟೆ, ಮುಗಿಯಿತು.

ಗುರುವಾರ, ಮಲಗುವ ಮುನ್ನ

ಹುಡುಕುವಾಗ ಎಲ್ಲೆಲ್ಲೂ ಕಂಡ ಗಾಲಿಕುರ್ಚಿಯ ನೀಲಿ ಚಿಹ್ನೆಯನ್ನು 1968ರಲ್ಲಿ ರಚಿಸಿದ್ದು ಡೆನ್ಮಾರ್ಕಿನ ವಿನ್ಯಾಸ ವಿದ್ಯಾರ್ಥಿನಿ ಸುಸಾನ್ ಕೋಫೂಡ್. ಮೂಲ ಚಿತ್ರದಲ್ಲಿ ಕುರ್ಚಿಯಿತ್ತು, ಕೂತವರಿಗೆ ತಲೆ ಇರಲಿಲ್ಲ. ತಲೆಯ ಗುಂಡು ಮಾರನೇ ವರ್ಷ ಸೇರಿತು.

ಶುಕ್ರವಾರ

ಹೋದ ವರ್ಷ ನನ್ನ ಎಡಗಣ್ಣಿಗೆ ಪೊರೆ ಆಪರೇಷನ್ ಆಯಿತು. ಬಲಗಣ್ಣು ಇನ್ನೂ ಕಾಯುತ್ತಿದೆ. ಇವತ್ತು ತೆರೆದ ಒಂದು ಪುಟದಲ್ಲಿ ಬಿಳಿಯ ಮೇಲೆ ತೆಳು ಬೂದು ಅಕ್ಷರ, ಮಂಜಿನಲ್ಲಿ ನಿಂತ ಬಿಳಿ ಹಸುವಿನ ಹಾಗೆ. ಶೀರ್ಷಿಕೆ ಮಾತ್ರ ಓದಲು ಬಂತು: ದೃಷ್ಟಿದೋಷ ಉಳ್ಳವರೊಡನೆ ವ್ಯವಹರಿಸುವ ಬಗೆ.

ಅಕ್ಷರಕ್ಕೂ ಹಿನ್ನೆಲೆಗೂ ಇರಬೇಕಾದ ಅಂತರಕ್ಕೆ ಲೆಕ್ಕವೇ ಇದೆಯಂತೆ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಜಾಲತಾಣಗಳು ಎಲ್ಲರಿಗೂ ಎಟಕುವಂತಿರಲು ಮಾರ್ಗಸೂಚಿಯನ್ನು 1999ರಲ್ಲೇ ಹೊರಡಿಸಿತ್ತು. 2023ರ ಅಕ್ಟೋಬರ್‌ನಲ್ಲಿ ಅದರ 2.2ನೇ ಆವೃತ್ತಿಯೂ ಬಂದಿದೆ. ಮಾಮೂಲಿ ಗಾತ್ರದ ಅಕ್ಷರಕ್ಕೆ ಈ ಅಂತರ ಕಡೇಪಕ್ಷ 4.5ಕ್ಕೆ 1 ಇರಬೇಕು. ಅಳೆಯುವ ಉಪಕರಣ ಪುಕ್ಕಟೆ ಸಿಗುತ್ತದೆ. ಆ ಬೂದು ಅಕ್ಷರವನ್ನು ಅಳೆದೆ: 2.3.

ಒಂದು ಗೊಂದಲ ಉಳಿಯಿತು. ನಾನು ತರಬೇತಿ ಕೊಡುವವನ ಸಾಲಿನಲ್ಲಿದ್ದೇನೋ, ಅಥವಾ ಈಗಾಗಲೇ ಆಚೆ ಸಾಲಿಗೆ ಒಂದು ಕಾಲಿಟ್ಟಿದ್ದೇನೋ?

ಶನಿವಾರ

ಪಾಸಾದವರನ್ನೂ ಬರೆದಿಡಬೇಕು.

ಅದೇ ವೆಬ್ ಕನ್ಸಾರ್ಟಿಯಂ ಪುಟ್ಟ ಪುಟ್ಟ ವಿಡಿಯೋ ಮಾಡಿದೆ. ಒಟ್ಟು ಹತ್ತು, ಒಂದೊಂದೂ ಒಂದು ನಿಮಿಷದ ಆಸುಪಾಸು. ಮೌಸ್ ಇಲ್ಲದೆ ಕೀಲಿಮಣೆಯಲ್ಲೇ ಕೆಲಸ ಮಾಡುವುದು, ವಿಡಿಯೋದ ಅಡಿಬರಹ ಓದುವುದು, ದನಿಯಲ್ಲಿ ಆಜ್ಞೆ ಕೊಡುವುದು, ಇಂಥವು. ಪ್ರತಿಯೊಂದಕ್ಕೂ ಅಡಿಬರಹ ಇದೆ, ಪರದೆಯಲ್ಲಿ ಏನು ನಡೆಯುತ್ತಿದೆ ಅಂತ ಮಾತಿನಲ್ಲಿ ಹೇಳುವ ಬೇರೆ ಆವೃತ್ತಿ ಇದೆ, ಪೂರ್ತಿ ಬರಹವೂ ಇದೆ. ಕೇಳಿ ಅವನು “ಹ್ಞಾ, ಇದು ಮಾತಾಡುತ್ತೆ” ಅಂದ. ಇಂಗ್ಲಿಷು ಅನ್ನುವುದೊಂದೇ ಕೊರತೆ. ಅದನ್ನು ನಾನು ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳಬಲ್ಲೆ.

ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿಕೊಂಡೆ. ಪರದೆ ಓದುವ ತಂತ್ರಾಂಶ. ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು, ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ, 2006ರ ಹೊತ್ತಿಗೆ ಶುರು ಮಾಡಿದ್ದು. ದುಡ್ಡು ಕೊಡಬೇಕಿಲ್ಲ, ಕನ್ನಡವನ್ನೂ ಓದುತ್ತದೆ. ಉಚ್ಚಾರಣೆ ಸ್ವಲ್ಪ ಟಿನ್ ಡಬ್ಬದೊಳಗಿಂದ ಬಂದ ಹಾಗಿದೆ. ಮಾನಿಟರ್ ಮೇಲೆ ಟವೆಲ್ ಹೊದಿಸಿ ಆ ಕೋರ್ಸಿನ ಪುಟ ತೆರೆದೆ. “ಲಿಂಕ್. ಲಿಂಕ್. ಚಿತ್ರ. ಬಟನ್. ಬಟನ್.” ಯಾವ ಬಟನ್ನು ತಾಯಿ? ಹೇಳುವುದಿಲ್ಲ. ಹನ್ನೊಂದು ನಿಮಿಷ ತಡೆದೆ, ಆಮೇಲೆ ಟವೆಲ್ ಎತ್ತಿಬಿಟ್ಟೆ.

ಇನ್ನೊಂದು ವಿಷಯ ಅವನಿಂದಲೇ ತಿಳಿಯಿತು. ಬೆಂಗಳೂರಿನ ಎನೇಬಲ್ ಇಂಡಿಯಾ ಸಂಸ್ಥೆ ಎನೇಬಲ್ ವಾಣಿ ಅಂತ ನಡೆಸುತ್ತದೆ. ಅಂಗವಿಕಲರು ಮಿಸ್ಡ್ ಕಾಲ್ ಕೊಟ್ಟು ಮಾಮೂಲಿ ಫೋನಿನಲ್ಲೇ ಸುದ್ದಿ, ಅನುಭವ ಕೇಳುವುದು, ತಾವೂ ರೆಕಾರ್ಡ್ ಮಾಡುವುದು. ಇಂಟರ್‌ನೆಟ್ಟೇ ಬೇಡ. ನಾನು ಒಂದು ವಾರದಿಂದ ಜಾಲದಲ್ಲಿ ಹುಡುಕುತ್ತಿದ್ದದ್ದು ಬಟನ್ ಫೋನಿನಲ್ಲಿ ಕೂತಿತ್ತು.

ಶನಿವಾರ, ಸಂಜೆ

ಟವೆಲ್ ವಿಷಯ ಅವನಿಗೆ ಹೆಮ್ಮೆಯಿಂದ ಹೇಳಿದೆ. ತರಬೇತಿಯಲ್ಲೂ ಸದಸ್ಯರ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸೋಣ, ನಿಮ್ಮ ಕಷ್ಟ ಗೊತ್ತಾಗಲಿ ಅಂದೆ. ಈ ಆಟವನ್ನು ನೂರಾರು ಕಡೆ ಶಿಫಾರಸು ಮಾಡಿದ್ದಾರೆ.

“ಬೇಡಿ ಮೇಷ್ಟ್ರೇ. ಬಟ್ಟೆ ಕಟ್ಟಿದ್ರೆ ಅವರಿಗೆ ಗೊತ್ತಾಗೋದು ಭಯ. ಕತ್ತಲಾಯ್ತು, ಎಡವಿದ್ರು, ಪಕ್ಕದೋರು ನಕ್ಕರು, ಬಿಚ್ಚಿದ್ರು, ಉಸ್ಸಪ್ಪ ನಾವು ಹಿಂಗಿಲ್ಲವಲ್ಲ ಅಂದ್ರು. ನಂಗೆ ಇಪ್ಪತ್ತು ವರ್ಷ ಅಭ್ಯಾಸ ಆಗಿದೆ, ಅದು ಐದು ನಿಮಿಷದ ಬಟ್ಟೇಲಿ ಬರುತ್ತಾ?”

ಹಾಗಾದರೆ ನನ್ನ ಟವೆಲ್?

“ಅದು ಬೇರೆ. ಟವೆಲ್ ಹಾಕಿದ್ರೆ ನಿಮಗೆ ಗೊತ್ತಾಗಿದ್ದು ನನ್ನ ಕಷ್ಟ ಅಲ್ಲ, ಆ ವೆಬ್‌ಸೈಟಿನ ಕಷ್ಟ.”

ಈ ಮಾತಿಗೆ ಅಡಿಗೆರೆ ಹಾಕಿದ್ದೇನೆ.

ಭಾನುವಾರ

ಬಸ್‌ಸ್ಟ್ಯಾಂಡ್ ಹತ್ತಿರದ ದರ್ಜಿಗೆ ಹುಟ್ಟಾ ಕಿವಿ ಕೇಳಿಸುವುದಿಲ್ಲ. ಆಕೆಯನ್ನೂ ತರಬೇತಿಗೆ ಕರೆದಿದ್ದೇವೆ. ಒಂದು ವಿಡಿಯೋ ತೋರಿಸಲು ಹೋದೆ, ಮಷೀನೇ ಹಾಕಿದ ಇಂಗ್ಲಿಷ್ ಅಡಿಬರಹವಿತ್ತು. ಮಾತಾಡುವವರು ಕಿವುಡರು ಎಂಬರ್ಥದಲ್ಲಿ ‘ಡೆಫ್’ ಅಂದಾಗಲೆಲ್ಲ ಕೆಳಗೆ ‘ಡೆತ್’ ಎಂದು ಮೂಡುತ್ತಿತ್ತು. ಮತ್ತೆ ಅದೇ, ಸತ್ತಿದ್ದು ಯಾರು!

ಕನ್ನಡದಲ್ಲಿ ಅಡಿಬರಹ ಹಾಕಿದರೆ ಮುಗಿಯಿತು ಅಂದುಕೊಂಡಿದ್ದೆ. ಅವಳ ಅಣ್ಣ ತಿದ್ದಿದ: ಅವಳ ಮೊದಲ ಭಾಷೆ ಸನ್ನೆ ಭಾಷೆ, ಕನ್ನಡ ಅವಳಿಗೆ ನಮಗೆ ಇಂಗ್ಲಿಷ್ ಇದ್ದ ಹಾಗೆ, ಕಲಿತದ್ದು. ಉದ್ದುದ್ದ ವಾಕ್ಯ ಓಡಿದರೆ ಹಿಂದೆ ಬೀಳುತ್ತಾಳೆ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 10,000 ಪದಗಳ ವಿಡಿಯೋ ನಿಘಂಟು ಮಾಡಿ ಜಾಲದಲ್ಲಿ ಇಟ್ಟಿದೆ. ಅದರಲ್ಲಿ ನೋಡಿ ‘ಪಂಚಾಯಿತಿ’ಗೆ ಸನ್ನೆ ಮಾಡಿದೆ. ಅವಳು ನಕ್ಕು ನನ್ನ ಬೆರಳುಗಳನ್ನು ಹಿಡಿದು ಸರಿ ಮಾಡಿದಳು, ಬ್ಲೌಸಿನ ಅಳತೆ ತಪ್ಪು ಹೇಳಿದವರನ್ನು ತಿದ್ದುವ ಹಾಗೆಯೇ.

ಸೋಮವಾರ

ಕಾನೂನು ಓದಿದೆ. ಸಮಾಜ ವಿಜ್ಞಾನದವನಿಗೆ ಇದೇ ಸ್ವಲ್ಪ ನೆಮ್ಮದಿಯ ಜಾಗ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆ ಇತ್ತು, ಈಗ 21. ಪಾರ್ಕಿನ್ಸನ್ ಇದೆ, ಹಿಮೋಫಿಲಿಯಾ ಇದೆ, ಆಸಿಡ್ ದಾಳಿಗೆ ತುತ್ತಾದವರಿದ್ದಾರೆ, ಕಲಿಕಾ ನ್ಯೂನತೆ ಇದೆ. 2011ರ ಜನಗಣತಿ ರಾಜ್ಯದಲ್ಲಿ 13.24 ಲಕ್ಷ ಅಂಗವಿಕಲರನ್ನು ಎಣಿಸಿತ್ತು. ಆ ಎಣಿಕೆಯ ಹೊತ್ತಿಗೆ 21ರ ಪಟ್ಟಿಯೇ ಹುಟ್ಟಿರಲಿಲ್ಲ.

47ನೇ ಸೆಕ್ಷನ್ ನೋಡಿ ಬೆಚ್ಚಿದೆ. ಅಂಗವಿಕಲರ ಹಕ್ಕುಗಳ ತರಬೇತಿಯನ್ನು ಯಾರಿಗೆಲ್ಲ ಕಡ್ಡಾಯವಾಗಿ ಕೊಡಬೇಕು ಅಂತ ಒಂದು ಸಾಲಿದೆ. ಶಾಸಕರು, ಆಡಳಿತಗಾರರು, ಪೊಲೀಸರು, ನ್ಯಾಯಾಧೀಶರು, ವಕೀಲರು ಎಲ್ಲಾ ಇದ್ದಾರೆ. ಸಾಲಿನ ಆರಂಭದಲ್ಲೇ, ಎಲ್ಲರಿಗಿಂತ ಮೊದಲು, ಪಂಚಾಯತ್ ರಾಜ್ ಸದಸ್ಯರು. ನಾನು ಇದನ್ನು ಪಿಡಿಒ ಸಾಹೇಬರ ಮರ್ಜಿ ಅಂದುಕೊಂಡಿದ್ದೆ.

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿದೆ: ಡಿಜಿಟಲ್ ಸೇವೆಗಳು ಕೈಗೆಟಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ. ಆ ಮೊಕದ್ದಮೆ ಹುಟ್ಟಿದ ಬಗೆ ಮನಸ್ಸಿನಿಂದ ಹೋಗುತ್ತಿಲ್ಲ. ಬ್ಯಾಂಕಿನ ಇ-ಕೆವೈಸಿಗೆ ಕ್ಯಾಮರಾ ಮುಂದೆ ಕಣ್ಣು ಮಿಟುಕಿಸಬೇಕಿತ್ತು, ಜೀವಂತ ಇದ್ದೀರಿ ಅಂತ ತೋರಿಸಲು. ಆಸಿಡ್‌ನಿಂದ ಮುಖ, ಕಣ್ಣು ಸುಟ್ಟುಹೋದವರು ಮಿಟುಕಿಸುವುದು ಹೇಗೆ? ನಮ್ಮವನ ತಂಗಿ ಮಗನ ಐದು ರೂಪಾಯಿ ನೆನಪಾಯಿತು. ಅವನಿಗೆ ಮನುಷ್ಯ ಅಂತ ಸಾಬೀತು ಮಾಡುವ ಕಷ್ಟ, ಇವರಿಗೆ ಬದುಕಿದ್ದೇವೆ ಅಂತ ಸಾಬೀತು ಮಾಡುವ ಕಷ್ಟ.

ಸೋಮವಾರ, ತಡರಾತ್ರಿ

ಮುಂದೂಡಿದ್ದ ವಿಚಾರ, ನಮ್ಮವನ ಕಣ್ಣಿನದು. ಅವನು ಎತ್ತರದ ಹುಡುಗ, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಬೋರ್ಡಿನಲ್ಲಿದ್ದುದನ್ನು ತಪ್ಪುತಪ್ಪಾಗಿ ಇಳಿಸಿಕೊಳ್ಳುತ್ತಿದ್ದ. ನನಗೆ ಬಾಯಿಬಿಟ್ಟು ಹೇಳದೆ ಬೋರ್ಡ್ ತುಂಬ ಬರೆಯುವ ಚಾಳಿ. ನೋಟ್ಸ್ ಬರೆದು ಬೀಡಿ ಸೇದಲು ಆಚೆ ಹೋಗುತ್ತಿದ್ದೆ, ಈಗ ಹೇಳಲು ಏನು ನಾಚಿಕೆ. ಕದ್ದು ನೋಡಿ ಬರೀತೀಯಾ ಅಂತ ಎರಡು ಸಲ ಹೊಡೆದಿದ್ದೇನೆ. ಪಕ್ಕದವನ ಪುಸ್ತಕ ಮಾತ್ರವೇ ಅವನಿಗೆ ಕಾಣುವಷ್ಟು ಹತ್ತಿರದಲ್ಲಿತ್ತು. ಸಂಜೆಯಾದರೆ ಎಡವುತ್ತಿದ್ದ. ಇರುಳುಗಣ್ಣು ಅಂತ ಮನೆಯವರು ಸೊಪ್ಪು, ಪಪ್ಪಾಯಿ ತಿನ್ನಿಸಿದರು. ಅದು ರೆಟಿನೈಟಿಸ್ ಪಿಗ್ಮೆಂಟೋಸಾ, ವಂಶದಲ್ಲಿ ಬರುವುದು, ಕಣ್ಣಿನ ಪರದೆ ಅಂಚಿನಿಂದ ನಿಧಾನ ಕಂತುತ್ತ ಬರುತ್ತದೆ ಅಂತ ಗೊತ್ತಾಗುವ ಹೊತ್ತಿಗೆ ಅವನು ಪಿಯುಸಿ ಬಿಟ್ಟಿದ್ದ.

ಈ ವಾರ ಒಂದು ದಿನ ಆ ಮಾತು ಎತ್ತಿದೆ. “ನಿಮ್ಮ ಬೋರ್ಡೂ ಸ್ಕ್ಯಾನ್ ಪಿಡಿಎಫ್ಫೇ ಮೇಷ್ಟ್ರೇ” ಅಂದ. ಅಷ್ಟೇ ಅಂದದ್ದು.

ಬುಧವಾರ, ತರಬೇತಿ ಮುಗಿದು

ಸಭಾಂಗಣಕ್ಕೆ ರ‍್ಯಾಂಪ್ ಇತ್ತು, ರ‍್ಯಾಂಪಿನ ಮೇಲೆ ಸದಸ್ಯರೊಬ್ಬರ ಬೈಕ್ ಇತ್ತು. ತೆಗೆಸಿದೆವು.

ಪಠ್ಯವನ್ನು ನಾನೇ ಬರೆದಿದ್ದೆ, ಯೂನಿಕೋಡಿನಲ್ಲಿ, ದಪ್ಪ ಅಕ್ಷರದಲ್ಲಿ. ಅವನಿಗೆ ಮೂರು ದಿನ ಮೊದಲೇ ವಾಟ್ಸಾಪಿನಲ್ಲಿ ಹೋಗಿತ್ತು. ಪರದೆಯಲ್ಲಿ ಬಂದ ಪ್ರತಿಯೊಂದನ್ನೂ ಬಾಯಿಬಿಟ್ಟು ಓದಿದೆ. ದರ್ಜಿಯ ಅಣ್ಣ ಪಕ್ಕದಲ್ಲಿ ನಿಂತು ಸನ್ನೆಗೆ ಇಳಿಸಿದ, ಅರ್ಧಕ್ಕೇ ಸುಸ್ತಾದ. ಇಬ್ಬರಾದರೂ ಬೇಕಿತ್ತು, ಸರದಿಯಲ್ಲಿ. ಇದು ಎಲ್ಲೂ ಓದಿರಲಿಲ್ಲ. ವಿಡಿಯೋ ಎರಡೇ ತೋರಿಸಿದ್ದು. 21 ಬಗೆಗಳ ಪಟ್ಟಿ ಓದುತ್ತಿದ್ದಾಗ ಹಿಂದಿನ ಸಾಲಿನ ಒಬ್ಬ ಸದಸ್ಯೆ, “ಪಾರ್ಕಿನ್ಸನ್ನೂ ಇದೆಯಾ? ನಮ್ಮತ್ತೆಗೆ ಕಾರ್ಡ್ ಸಿಗುತ್ತಾ?” ಅಂತ ಎದ್ದು ನಿಂತರು. ಅಲ್ಲಿಂದ ಸಭೆ ನನ್ನ ಕೈ ತಪ್ಪಿ ಅವನ ಕೈಗೆ ಹೋಯಿತು. ಯಾವ ಡಾಕ್ಟರು, ಯಾವ ದಿನ, ಏನೇನು ಕಾಗದ. ಒಳ್ಳೆಯದೇ ಆಯಿತು.

ಊಟದ ಹೊತ್ತಿಗೆ ಬಿಲ್ ಕಲೆಕ್ಟರ್ ಮೆಲ್ಲಗೆ ಬಂದ. ನಮ್ಮವನ ಮನೆಗೆ ನೀರಿನ ಬಿಲ್ ಕೊಡುವವನು ಇವನೇ. “ಅಣ್ಣ, ಇಷ್ಟು ದಿನ ಚೀಟಿ ಕೈಗಿಟ್ಟು ಬರ್ತಿದ್ದೆ. ಓದಿ ಹೇಳಬೇಕಿತ್ತಾ?”

“ನೀನು ಬಾಯಲ್ಲಿ ಹೇಳಿದಷ್ಟು ಕೊಡ್ತಿದ್ದೆ ಕಣಪ್ಪ. ಚೀಟೀಲಿ ಎಷ್ಟಿತ್ತೋ ದೇವರಿಗೇ ಗೊತ್ತು.”

“ಅಯ್ಯೋ, ಸರಿಯಾಗೇ ತಗೊಂಡಿದೀನಣ್ಣ!”

“ಇರಬಹುದು. ಇನ್ಮೇಲೆ ಚೀಟಿ ಜೊತೆ ಮೆಸೇಜೂ ಹಾಕು. ಫೋಟೋ ಅಲ್ಲ, ಟೈಪ್ ಮಾಡಿ.”

ಬಿಲ್ ಕಲೆಕ್ಟರ್ ಅಲ್ಲೇ ನಿಂತು ನಂಬರ್ ಬರೆದುಕೊಂಡ, ಕಾಗದ ಸಿಗದೆ ಅಂಗೈ ಮೇಲೆ. ಆಮೇಲೆ ಊಟಕ್ಕೆ ಕೂರುವಾಗ ಕೈ ತೊಳೆಯಲು ಹೋಗಿ ಅರ್ಧಕ್ಕೇ ನೆನಪಾಗಿ ವಾಪಸ್ ಬಂದ. ಚಮಚ ಕೇಳಿ ಇಸಿದುಕೊಂಡ.